ಗೋಲಿ ಉರುಳಿಸಿ, ವೇಗೋತ್ಕರ್ಷವನ್ನು ಕಿವಿಯಲ್ಲೇ ಕೇಳಿ

"ಅತ್ತೆ, ಬಸ್ಸು ಜೋರಾಗಿ ಹೋಗ್ತಿದ್ರೆ ಅದೇ ವೇಗೋತ್ಕರ್ಷ ಅಲ್ವಾ?" ರಜೆಗೆ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗಳು ಕೇಳಿದಳು. ಒಂಬತ್ತನೇ ಕ್ಲಾಸು. ಸೂತ್ರಗಳೆಲ್ಲ ಬಾಯಿಪಾಠ. ಇದೊಂದು ಮಾತ್ರ ಗೊಂದಲ.

ಬಸ್ಸು ನೇರ ರಸ್ತೆಯಲ್ಲಿ ಒಂದೇ ಸಮ ಗಂಟೆಗೆ 60 ಕಿ.ಮೀ. ಓಡುತ್ತಿದ್ದರೆ ವೇಗೋತ್ಕರ್ಷ ಸೊನ್ನೆ. ಸ್ಟಾಪ್ ಬಿಟ್ಟು ಹೊರಡುವಾಗ ಬೆನ್ನು ಸೀಟಿಗೆ ಒತ್ತುತ್ತದಲ್ಲ, ವೇಗೋತ್ಕರ್ಷ ಇರುವುದು ಅಲ್ಲಿ. ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದೇ ಅದರ ಲೆಕ್ಕ. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ, ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು 20ರಲ್ಲೇ ನಿಂತಿದ್ದರೂ ವೇಗೋತ್ಕರ್ಷ ಇದ್ದೇ ಇರುತ್ತದೆ. ಮುಳ್ಳು ತೋರಿಸುವುದು ಬರೀ ಜವ, ಅಂದರೆ ಎಷ್ಟು ಜೋರು ಅನ್ನುವುದಷ್ಟೇ. ವೇಗದಲ್ಲಿ ದಿಕ್ಕೂ ಸೇರಿದೆ, ತಿರುವಿನಲ್ಲಿ ಅದು ಬದಲಾಗುತ್ತದೆ.

ಬಾಯಲ್ಲಿ ಹೇಳಿದ್ದು ಸಾಲದು ಅನ್ನಿಸಿ ಇಬ್ಬರೂ ಜಗಲಿಯಲ್ಲಿ ಕೂತೆವು. ನೀವೂ ಮಾಡಿ ನೋಡಿ.

ತೋಟಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ 3 ಮೀಟರ್ ತುಂಡು ತಗೊಂಡು ಉದ್ದಕ್ಕೆ ಸೀಳಿಸಿ. ಅಡಿಕೆ ಮರ ಸೀಳಿ ಮಾಡಿದ ದೋಣಿ ಬೇಡ, ಅದರ ನಾರು ಗೋಲಿಯನ್ನು ತಡೆಯುತ್ತದೆ. ಒಂದು ತುದಿಗೆ ಪುಸ್ತಕ ಕೊಟ್ಟು 15 ಸೆಂ.ಮೀ. ಎತ್ತರಿಸಿ. ನಡುವೆ ಜಗ್ಗದ ಹಾಗೆ ಕೆಳಗೆ ಹಲಗೆ ಕೊಡಿ. ಇದರಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಹಾಳು.

ಈಗ ಹೊಲಿಗೆ ದಾರ. ಮೇಲಿನಿಂದ ಅಳೆದು 30, 120 ಮತ್ತು 270 ಸೆಂ.ಮೀ.ಗೆ ಒಂದೊಂದು ದಾರವನ್ನು ಪೈಪಿನ ಒಳಗೆ ಅಡ್ಡಲಾಗಿ ಅಂಟಿಸಿ. ಗೋಲಿ ಅದರ ಮೇಲೆ ಹಾಯುವಾಗ ಸಣ್ಣಗೆ 'ಟಿಕ್' ಅನ್ನಬೇಕು, ಅಷ್ಟೆ. ಫ್ಯಾನು, ಟಿವಿ ಆಫ್ ಮಾಡಿ. ಗೋಲಿಯನ್ನು ತಳ್ಳಬೇಡಿ, ಸುಮ್ನೆ ಬೆರಳು ತೆಗೆಯಿರಿ. ತೆಗೆಯುವಾಗಲೇ ಬಾಯಲ್ಲಿ 'ಟಿಕ್' ಅನ್ನಿ.

ಟಿಕ್… ಟಿಕ್… ಟಿಕ್… ಟಿಕ್. ಗಡಿಯಾರದ ಹಾಗೆ ಸಮವಾಗಿ ಕೇಳುತ್ತದೆ! ನಮ್ಮ ಹುಡುಗಿ ಕಣ್ಣು ಮುಚ್ಚಿಕೊಂಡು ನಾಲ್ಕು ಸಲ ಕೇಳಿದಳು.

ದಾರಗಳ ನಡುವಿನ ದೂರ ನೋಡಿ: 30, 90, 150. ಅಂದರೆ 1, 3, 5ರ ಪಾಲು. ಅಷ್ಟೇ ಸಮಯದಲ್ಲಿ ಗೋಲಿ ಪ್ರತಿ ಸಲ 60 ಸೆಂ.ಮೀ. ಜಾಸ್ತಿ ಓಡಿದೆ. ಒಂದು ಟಿಕ್‌ನಿಂದ ಇನ್ನೊಂದಕ್ಕೆ ಸುಮಾರು 1.3 ಸೆಕೆಂಡು ಹಿಡಿಯುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಸರಿಯಾಗಿ ಸಿಗುತ್ತದೆ. ಸರಾಸರಿ ವೇಗ ಮೊದಲು ಸೆಕೆಂಡಿಗೆ 23 ಸೆಂ.ಮೀ., ಆಮೇಲೆ 69, ಆಮೇಲೆ 115. ಪ್ರತಿ ಸಲ 46 ಏರಿತು. ಅದನ್ನು 1.3ರಿಂದ ಭಾಗಿಸಿ: ಸುಮಾರು 35. ಒಂದೊಂದು ಸೆಕೆಂಡು ಕಳೆದಂತೆ ಗೋಲಿಯ ವೇಗ ಸೆಕೆಂಡಿಗೆ 35 ಸೆಂ.ಮೀ. ಏರುತ್ತಿದೆ. ಇದೇ ಅದರ ವೇಗೋತ್ಕರ್ಷ.

ಗೋಲಿಯನ್ನು ನೇರ ಕೆಳಗೆ ಬಿಟ್ಟರೆ ಈ ಏರಿಕೆ 980 ಸೆಂ.ಮೀ. ಕಣ್ಣಿಗೆ ನಿಲುಕುವುದಿಲ್ಲ. ಅದಕ್ಕೇ ಗೆಲಿಲಿಯೊ ಇಳಿಜಾರಿನಲ್ಲಿ ಗುಂಡು ಉರುಳಿಸಿ ಬೀಳುವಿಕೆಯನ್ನು ನಿಧಾನ ಮಾಡಿಕೊಂಡ. ಸ್ಟಾಪ್‌ವಾಚ್ ಇಲ್ಲದ ಕಾಲ. ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನು ತೂಗಿ ಸಮಯ ಅಳೆದ. 1638ರಲ್ಲಿ ಅದನ್ನು ಪುಸ್ತಕದಲ್ಲಿ ಬರೆದಿಟ್ಟ. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಆ ನೀರಿನ ತೂಕ.

ಕೊನೆಗೆ ಇನ್ನಷ್ಟು ಪುಸ್ತಕ ಸೇರಿಸಿ ಎತ್ತರವನ್ನು 30 ಸೆಂ.ಮೀ. ಮಾಡಿ. ದಾರಗಳನ್ನು ಮುಟ್ಟಬೇಡಿ. ಟಿಕ್‌ಗಳು ಬೇಗ ಬೇಗ ಬರುತ್ತವೆ. ಆದರೆ ಕಿವಿಗೊಟ್ಟು ಕೇಳಿ, ಈಗಲೂ ಸಮವೇ.