ಪಿಯುಸಿ ಮುಗಿಸಿದವರ ಕೈಗೆ ಹಳೇ ಫಿಯೆಟ್ ಕೊಡುವ ಮುಂಚೆ

ಮಕ್ಕಳು ಪಿಯುಸಿ ಪಾಸಾದರೆ ಲ್ಯಾಪ್‌ಟಾಪು, ಸ್ಕೂಟರು ಕೊಡಿಸುವವರೇ ಜಾಸ್ತಿ. ಹಳೇ ಕಾರು ಕೊಡಬೇಕು ಅಂತ ಆಸೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಹಾಸನದಲ್ಲಿ ಬಸ್ ಡಿಪೋ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವನು. ನನ್ನ 1986ರ ಪ್ರೀಮಿಯರ್ ಪದ್ಮಿನಿಯನ್ನು ಮೊಮ್ಮಗಳಿಗೆ ಕೊಟ್ಟಿದ್ದೇನೆ. ನಾನು ಹೇಳುವುದು ಇಷ್ಟೇ: ಇರುವ ದುಡ್ಡನ್ನು ಬ್ರೇಕಿಗೆ, ಟೈರಿಗೆ, ಕಾಗದಪತ್ರಕ್ಕೆ ಹಾಕಿ. ಬಣ್ಣ, ಸೀಟು, ಕ್ರೋಮು ಎಲ್ಲ ಆ ಮಗುವಿಗೇ ಬಿಡಿ. ಫಳಫಳ ಹೊಳೆಯುವ ಗಾಡಿ ಕೈಗಿಟ್ಟರೆ ಅವರಿಗೆ ಮಾಡಲು ಏನೂ ಉಳಿಯುವುದಿಲ್ಲ.

ಯಾವ ಕಾರು ಅಂತ ಕೇಳಿದರೆ ನಾನು ಪದ್ಮಿನಿಯನ್ನೇ ಹೇಳುತ್ತೇನೆ. ನಮ್ಮ ಕಡೆ ಈಗಲೂ ಅದನ್ನು ಫಿಯೆಟ್ ಅಂತಲೇ ಕರೆಯುವುದು. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿತ್ತು. 1089 ಸಿಸಿ, ನಾಲ್ಕು ಸಿಲಿಂಡರ್. ಬಾನೆಟ್ ಎತ್ತಿದರೆ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪ್ ಎಲ್ಲ ಕಣ್ಣಿಗೆ ಕಾಣುತ್ತವೆ, ಕೈಗೂ ಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೇದು ಬೇಕಾ? ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಲ್ಲಿ ವಿಚಾರಿಸಿ. ತೀರಾ ಹಳೇದರ ಹಿಂದೆ ಹೋಗಬೇಡಿ. 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಿದರೆ ‘ವಿಎ’ ನಂಬರು ಸಿಗುತ್ತದೆ ನಿಜ. ಆದರೆ ಅದನ್ನು ದಿನಾ ಓಡಿಸುವಂತಿಲ್ಲ. ಕಾಲೇಜಿಗೆ ಹೋಗುವವರಿಗೆ ಅದರಿಂದ ಉಪಯೋಗ ಇಲ್ಲ.

ವಯಸ್ಸಿನ ವಿಷಯದಲ್ಲಿ ರಾಜಿ ಬೇಡ. 18 ತುಂಬುವ ತನಕ ಕಾರಿನ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ‘ನಮ್ಮ ಬೀದೀಲಿ ತಾನೇ’ ಅಂತ ಕೀಲಿ ಕೊಟ್ಟು ಸಿಕ್ಕಿಬಿದ್ದರೆ ಮನೆಯವರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ಆಗುವ ತನಕ ಲೈಸೆನ್ಸ್ ಇಲ್ಲ. ರಿಸಲ್ಟ್ ಬಂದ ದಿನ ಇನ್ನೂ 17 ಅಂದರೆ, ಆ ಒಂದು ವರ್ಷ ಗಾಡಿ ಶೆಡ್ಡಿನಲ್ಲಿರಲಿ, ಮಗು ಸ್ಪ್ಯಾನರ್ ಹಿಡಿಯಲಿ.

ಹೊರಗಿನಿಂದ ಕೊಳ್ಳುವುದಾದರೆ ಒಂದು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿಕೊಂಡು ಹೋಗಿ. ಬಾಗಿಲಿನ ತಳ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಅಂಚು, ಎಲ್ಲ ಕಡೆ ಹಿಡಿದು ನೋಡಿ. ಹಿಡಿಯದೆ ಜಾರಿದರೆ ಅಲ್ಲಿ ತಗಡು ತುಕ್ಕು ತಿಂದು ಹೋಗಿದೆ, ಮೇಲೆ ಪುಟ್ಟಿ ಮೆತ್ತಿದ್ದಾರೆ ಅಂತ ಲೆಕ್ಕ. ಕಾಲಡಿಯ ಮ್ಯಾಟ್ ಎತ್ತಿ, ಬ್ಯಾಟರಿ ಕೆಳಗೂ ನೋಡಿ. ಎಂಜಿನ್ ಕೆಟ್ಟಿದ್ದರೆ ಬಿಚ್ಚಿ ಸರಿ ಮಾಡಬಹುದು. ಫ್ಲೋರೇ ಕೊಳೆತಿದ್ದರೆ ಕೈಮುಗಿದು ವಾಪಸ್ ಬನ್ನಿ.

ಎಂಜಿನ್ ನಂಬರು, ಚಾಸಿಸ್ ನಂಬರು ಆರ್‌ಸಿಯಲ್ಲಿ ಇರುವಂತೆಯೇ ಇರಬೇಕು. ಹೆಸರು ಬದಲಾಯಿಸಲು ಫಾರಂ 29 ಮತ್ತು 30. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಕೊಡಬೇಕು. ಮೊದಲ 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು) ಮಾಡಿಸಿ ಆರ್‌ಸಿ ನವೀಕರಿಸಬೇಕು. ಹಳೇ ಗಾಡಿಗಳ ಶುಲ್ಕ ಈಚೆಗೆ ಏರಿದೆ. ಮೊದಲೇ ಆರ್‌ಟಿಒದಲ್ಲಿ ಕೇಳಿಕೊಂಡು ಆಮೇಲೆ ವ್ಯಾಪಾರ ಮಾತಾಡಿ. ಇನ್ಶೂರೆನ್ಸನ್ನೂ 14 ದಿನದೊಳಗೆ ಹೊಸ ಹೆಸರಿಗೆ ಮಾಡಿಸಿ.

ಈಗ ಬ್ರೇಕು. ಈ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮು, ಬೂಸ್ಟರ್ ಇಲ್ಲ. ಕಾಲಿನ ಬಲವೇ ಬಲ. ಡ್ರೈವಿಂಗ್ ಸ್ಕೂಲಿನ ಹೊಸ ಕಾರಿನಲ್ಲಿ ಕಲಿತ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್, ಚಕ್ರದ ಹತ್ತಿರ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್, ಇವುಗಳ ರಬ್ಬರ್ ಕಿಟ್, ಬ್ರೇಕ್ ಹೋಸ್, ಎಣ್ಣೆ, ಎಲ್ಲ ಹೊಸದು ಹಾಕಿಸಿ. ನೋಡಲು ಚೆನ್ನಾಗಿದ್ದರೂ ಬದಲಾಯಿಸಿ. ಹಳೇ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ಕಡೆ ಸೋರಿದರೆ ಪೂರ್ತಿ ಬ್ರೇಕೇ ಹೋಗುತ್ತದೆ.

ಒಂದು ಪರೀಕ್ಷೆಯನ್ನು ಮಗುವಿಗೇ ಕಲಿಸಿ. ಗಾಡಿ ನಿಂತಿರುವಾಗ ಪೆಡಲ್ ಗಟ್ಟಿಯಾಗಿ ಒತ್ತಿ, ಒಂದು ನಿಮಿಷ ಹಾಗೇ ಹಿಡಿದಿರಬೇಕು. ನಮ್ಮ ಹುಡುಗಿ ಒತ್ತಿ ಕೂತಿದ್ದವಳು, ‘ತಾತ, ಮೆತ್ತಗೆ ಕೆಳಗೆ ಹೋಗ್ತಾ ಇದೆ ಅಲ್ವಾ?’ ಅಂದಳು. ಹೊರಗೆ ಒಂದು ಹನಿ ಎಣ್ಣೆ ಸೋರಿರಲಿಲ್ಲ. ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಸವೆದಿದ್ದರೆ ಹೀಗಾಗುತ್ತದೆ. ಬಿಚ್ಚಿ ಅವಳ ಅಂಗೈ ಮೇಲೆ ಇಟ್ಟೆ. ರಬ್ಬರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು. ಅವತ್ತಿನಿಂದ ನಾನು ಹೇಳದಿದ್ದರೂ ಪೆಡಲ್ ಒತ್ತಿ ನೋಡಿಯೇ ಗಾಡಿ ತೆಗೆಯುತ್ತಾಳೆ.

ಟೈರಿನ ಹಲ್ಲು ನೋಡಿ ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2312 ಅಂದರೆ 2012ರ 23ನೇ ವಾರದಲ್ಲಿ ಮಾಡಿದ್ದು. ಶೆಡ್ಡಿನಲ್ಲಿ ನಿಂತ ಗಾಡಿಯ ಟೈರು ಸವೆಯದೆಯೇ ಮುದಿಯಾಗಿರುತ್ತದೆ. ಹಳೇ ಮಾಡೆಲ್‌ಗಳಿಗೆ ಸೀಟ್ ಬೆಲ್ಟೇ ಇರುವುದಿಲ್ಲ. ಕಾರಿನ ಬಾಡಿಯ ಮೇಲೆ ಗಟ್ಟಿ ತಗಡು ವೆಲ್ಡ್ ಮಾಡಿಸಿ, ಅದಕ್ಕೆ ಬೆಲ್ಟ್ ಹಾಕಿಸಿ. ಇದಿಲ್ಲದೆ ಕೀಲಿ ಕೊಡಲೇಬೇಡಿ.

ಮೊದಲ ವರ್ಷ ಶಿರಾಡಿ ಘಾಟಿ ಇಳಿಸಬೇಡಿ. ಸಕಲೇಶಪುರ ದಾಟಿ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಹೋದರೆ ಡ್ರಮ್ಮು ಕಾದು ಹಿಡಿತ ಬಿಡುತ್ತದೆ. ಚಿಕ್ಕ ಗೇರಿನಲ್ಲಿ, ಎಂಜಿನ್ನೇ ಗಾಡಿಯನ್ನು ತಡೆಯುವ ಹಾಗೆ ಇಳಿಯುವುದನ್ನು ಮೊದಲು ಸಣ್ಣ ಇಳಿಜಾರುಗಳಲ್ಲಿ ಪಕ್ಕದಲ್ಲಿ ಕೂತು ಕಲಿಸಿ. ಮಳೆಗಾಲದಲ್ಲಿ ನೀರು ದಾಟಿದ ಮೇಲೆ ಪೆಡಲನ್ನು ಹಗುರವಾಗಿ ಒತ್ತುತ್ತಾ ನಿಧಾನಕ್ಕೆ ಸ್ವಲ್ಪ ದೂರ ಹೋಗಬೇಕು. ಆಗ ಡ್ರಮ್ಮಿನ ಒಳಗೆ ಒಣಗುತ್ತದೆ.

ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲು. ಹಳೇ ಕಾಲದ ರಬ್ಬರ್ ಅದನ್ನು ತಡೆಯುವುದಿಲ್ಲ, ಉಬ್ಬಿ ಬಿರಿಯುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಎಲ್ಲ ಎಥೆನಾಲ್ ತಾಳುವಂಥದ್ದೇ ಕೇಳಿ ಹಾಕಿಸಿ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ನಿಂತರೆ ಬ್ಯಾಟರಿ ಖಾಲಿ ಆಗುವ ತನಕ ಸೆಲ್ಫ್ ಹೊಡೆಯಬಾರದು ಅಂತ ಹೇಳಿಕೊಡಿ. ಪಂಪಿನ ಬಿಸಿಗೆ ಪೆಟ್ರೋಲು ಆವಿಯಾಗಿ ಮುಂದಕ್ಕೆ ಹೋಗುತ್ತಿಲ್ಲ, ಅಷ್ಟೇ. ಗಾಡಿ ಪಕ್ಕಕ್ಕೆ ತಳ್ಳಿ, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾದರೆ ಸಾಕು. ಅದಕ್ಕೇ ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಹಳೇ ಪಂಚೆಯ ತುಂಡು, ಫ್ಯಾನ್ ಬೆಲ್ಟು, ಡಿಸ್ಟ್ರಿಬ್ಯೂಟರ್ ಒಳಗೆ ಹಾಕುವ ಒಂದು ಸೆಟ್ ಪಾಯಿಂಟು, ಕಂಡೆನ್ಸರ್ ಇಟ್ಟು ಕೊಡಿ. ಸ್ಟೆಪ್ನಿಗೆ ಗಾಳಿ ಇದೆಯಾ ನೋಡಿ. ಜ್ಯಾಕ್ ಹಾಕಿ ಒಂದು ಚಕ್ರವನ್ನು ಅವರ ಕೈಯಲ್ಲೇ ಬಿಚ್ಚಿಸಿ, ಹಾಕಿಸಿ, ಆಮೇಲೆ ಕೀಲಿ ಕೊಡಿ.