ನೆಲದೊಳಗೆ ಮಾಗುವ ವೈನ್: ಕ್ವೆವ್ರಿ ತುಂಬುವುದು ಹೇಗೆ?

ಹೊರಗಿನ ಯೀಸ್ಟ್ ಹಾಕದೆ, ಸಕ್ಕರೆ ಬೆರೆಸದೆ, ಸೋಸುವ ಯಂತ್ರದ ಹಂಗಿಲ್ಲದೆ ವೈನ್ ಮಾಡುವ ಕುಟುಂಬಗಳು ಜಾರ್ಜಿಯಾ ದೇಶದ ಕಾಖೇತಿ ಪ್ರಾಂತ್ಯದಲ್ಲಿ ಇಂದಿಗೂ ಇವೆ. ಅವರು ನೆಚ್ಚಿಕೊಂಡಿರುವುದು ಕ್ವೆವ್ರಿ ಎಂಬ ಮೊಟ್ಟೆಯಾಕಾರದ, ಬುಡ ಚೂಪಾದ ಮಣ್ಣಿನ ಗುಡಾಣವನ್ನು. ಉತ್ತರ ಕರ್ನಾಟಕದ ಹಗೇವಿನಂತೆ ಇದೂ ನೆಲದೊಳಗೇ ಇರುತ್ತದೆ, ಕಾಣುವುದು ಬಾಯಿ ಮಾತ್ರ. ಆ ದೇಶದಲ್ಲಿ ಸಿಕ್ಕ ಸುಮಾರು 8,000 ವರ್ಷ ಹಳೆಯ ಮಡಕೆ ಚೂರುಗಳಲ್ಲೂ ದ್ರಾಕ್ಷಿ ವೈನಿನ ಗುರುತುಗಳಿದ್ದವು. ಕ್ವೆವ್ರಿ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲ ಕೆಲಸ ತೊಳೆಯುವುದು. ಇದೇ ಅತ್ಯಂತ ಮುಖ್ಯವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚೆರ್ರಿ ಮರದ ತೊಗಟೆಯ ತುಂಡುಗಳನ್ನು ಉದ್ದನೆಯ ಕೋಲಿನ ತುದಿಗೆ ಪೋಣಿಸಿ, ಆ ಕುಂಚದಿಂದ ಒಳಗೋಡೆಯನ್ನು ಉಜ್ಜುತ್ತಾರೆ. ಮೊಗೆದ ನೀರು ಕನ್ನಡಿಯಷ್ಟು ತಿಳಿಯಾಗುವವರೆಗೆ ಬಿಡುವುದಿಲ್ಲ. ಒಳಗೆ ಜೇನುಮೇಣದ ಲೇಪವಿದ್ದರೂ ಮಣ್ಣಿನ ರಂಧ್ರಗಳಲ್ಲಿ ಹಳೆಯ ಮಡ್ಡಿ ಉಳಿದರೆ ಹೊಸ ವೈನ್ ಕೆಟ್ಟಂತೆಯೇ. ದೊಡ್ಡ ಕ್ವೆವ್ರಿಯೊಳಗೆ ಮನುಷ್ಯರೇ ಇಳಿಯಬೇಕಾಗುತ್ತದೆ. ಹುದುಗಿನಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರಬಹುದು. ಗಾಳಿಯಾಡಿಸದೆ ಇಳಿದರೆ ಪ್ರಾಣಕ್ಕೇ ಅಪಾಯ. ತೊಳೆದ ಮೇಲೆ ಒಳಗೆ ಚೂರು ಗಂಧಕ ಉರಿಸುವವರೂ ಇದ್ದಾರೆ.

ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ರ್ತ್ವೆಲಿ, ಅಂದರೆ ಕೊಯ್ಲು. ಮನೆಮಂದಿ, ನೆಂಟರಿಷ್ಟರೆಲ್ಲ ತೋಟದಲ್ಲಿರುತ್ತಾರೆ. ರ್ಕಾತ್ಸಿತೆಲಿ ಎಂಬ ಬಿಳಿ ದ್ರಾಕ್ಷಿಯನ್ನು ಮರದ ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಾರೆ. ರಸದ ಜೊತೆಗೆ ಸಿಪ್ಪೆ, ಬೀಜ, ಮಾಗಿದ ತೊಟ್ಟುಗಳೂ ಕ್ವೆವ್ರಿಗೆ ಇಳಿಯುತ್ತವೆ. ಹುದುಗು ಉಕ್ಕಲು ಜಾಗ ಬೇಕಲ್ಲ, ಕಂಠಪೂರ್ತಿ ತುಂಬುವಂತಿಲ್ಲ.

ಕೆಲವೇ ದಿನಗಳಲ್ಲಿ ಹಣ್ಣಿನ ಮೇಲಿನ ಕಾಡು ಯೀಸ್ಟ್ ಕೆಲಸ ಹಿಡಿಯುತ್ತದೆ. ಗುಳುಗುಳು ಸದ್ದಿನೊಂದಿಗೆ ಸಿಪ್ಪೆಯೆಲ್ಲ ಮೇಲೆದ್ದು ದಪ್ಪನೆಯ ಪದರವಾಗುತ್ತದೆ. ಅದು ಒಣಗಿದರೆ ಹುಳಿ ಹಿಡಿದು ವೈನ್ ವಿನೆಗರ್ ಆಗುವ ಭಯ. ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ ಕೋಲಿನಿಂದ ಒತ್ತಿ ಮುಳುಗಿಸಲೇಬೇಕು. ಕಡಿಮೆ ಹಸ್ತಕ್ಷೇಪದ ವೈನ್ ಎಂದು ಕೈಕಟ್ಟಿ ಕುಳಿತವರಿಗೆ ಇಲ್ಲಿ ಜಾಗವಿಲ್ಲ.

ಹುದುಗು ಇಳಿದು ಸಿಪ್ಪೆ ತಾನಾಗಿ ಮುಳುಗಿದ ಮೇಲೆ, ಅದೇ ಬಗೆಯ ವೈನಿನಿಂದ ಬಾಯಿಯವರೆಗೆ ತುಂಬಿ, ಕಲ್ಲಿನ ಮುಚ್ಚಳವಿಟ್ಟು ಜೇಡಿಮಣ್ಣು ಮೆತ್ತುತ್ತಾರೆ. ಇನ್ನು ವಸಂತದವರೆಗೆ ತೆರೆಯುವುದಿಲ್ಲ. ಪಾತ್ರೆಯ ಆಕಾರದ ಜಾಣತನ ಗೊತ್ತಾಗುವುದು ಈಗಲೇ. ಬೀಜಗಳು ಚೂಪು ತಳಕ್ಕೆ ಜಾರುತ್ತವೆ, ಸಿಪ್ಪೆ ಮತ್ತು ಮಡ್ಡಿ ಅವುಗಳ ಮೇಲೆ ಕೂರುತ್ತವೆ. ಬೀಜದ ಕಹಿ ವೈನಿಗೆ ಅಷ್ಟಾಗಿ ತಾಗುವುದಿಲ್ಲ. ಸುತ್ತಲಿನ ಮಣ್ಣು ತಂಪನ್ನು ಏರಿಳಿಯಲು ಬಿಡುವುದಿಲ್ಲ.

ಐದಾರು ತಿಂಗಳ ಬಳಿಕ ಮುಚ್ಚಳ ತೆಗೆದಾಗ ಬಿಳಿ ದ್ರಾಕ್ಷಿಯ ವೈನ್ ಜೇನಿನ ಬಣ್ಣಕ್ಕೆ ತಿರುಗಿ ತಿಳಿಯಾಗಿರುತ್ತದೆ. ತಳ ಕಲಕದಂತೆ ಮೊಗೆದು ಬೇರೆ ಕ್ವೆವ್ರಿಗೋ ಬಾಟಲಿಗೋ ತುಂಬುತ್ತಾರೆ. ನಾಲಿಗೆಗೆ ಚಹಾದಂಥ ಒಗರು ತಾಗುವ ಈ ವೈನನ್ನು ಫ್ರಿಜ್‌ನಲ್ಲಿಟ್ಟು ತೀರಾ ತಣ್ಣಗಾಗಿಸಬಾರದು. ಅಕ್ರೋಟು ಅರೆದು ಮಾಡಿದ ಅಡುಗೆಗೆ ಅದು ಚೆನ್ನಾಗಿ ಒಗ್ಗುತ್ತದೆ. ತಳದಲ್ಲಿ ಉಳಿದ ಚರಟವೂ ವ್ಯರ್ಥವಾಗದು: ಅದನ್ನು ಬಟ್ಟಿಯಿಳಿಸಿ ಚಾಚಾ ಎಂಬ ಖಾರದ ಮದ್ಯ ತೆಗೆಯುತ್ತಾರೆ.