ಕಲಬುರಗಿಯಲ್ಲಿ ಹಳೆ ಮನೆ ಕೊಳ್ತೀರಾ? ಬಯಾನಾ ಕೊನೆಗೆ ಕೊಡಿ

ನಮ್ಮ ಕಡೆ ಮನೆ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ದಲಾಲ ಫೋನ್ ಮಾಡುತ್ತಾನೆ, ಬೈಕ್ ಹಿಂದೆ ಕೂರಿಸಿಕೊಂಡು ಹೋಗಿ ಮನೆ ತೋರಿಸುತ್ತಾನೆ, ವಾಪಸ್ ಬರುವ ದಾರಿಯಲ್ಲೇ ಚಹಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, 'ಅಣ್ಣಾರ, ಇವತ್ತೇ ಬಯಾನಾ ಕೊಟ್ಟುಬಿಡ್ರಿ, ನಾಳಿಗಿ ಸೇಡಂ ಕಡಿಂದ ಇನ್ನೊಂದ್ ಪಾರ್ಟಿ ಬರ್ಲತ್ತದ' ಅನ್ನುತ್ತಾನೆ. ಬಯಾನಾ ಅಂದರೆ ಮುಂಗಡ ಹಣ. ಆ ಇನ್ನೊಂದು ಪಾರ್ಟಿಯನ್ನು ನಾನಂತೂ ಇವತ್ತಿನವರೆಗೆ ಕಣ್ಣಾರೆ ಕಂಡಿಲ್ಲ.

ಕಾಗದ ನೋಡುವುದು, ವಕೀಲರಿಗೆ ತೋರಿಸುವುದು ಎಲ್ಲ ಬಯಾನಾ ಕೊಟ್ಟ ಮೇಲೆ. ಇದು ಪೂರ್ತಿ ಉಲ್ಟಾ. ದುಡ್ಡು ನಿಮ್ಮ ಜೇಬಿನಲ್ಲಿ ಇರುವವರೆಗೆ ಮಾಲೀಕರು ಕೇಳಿದ ಕಾಗದ ಹುಡುಕಿ ಕೊಡುತ್ತಾರೆ. ಕೊಟ್ಟ ಮರುದಿನದಿಂದ ನೀವೇ ಅವರ ಬಾಗಿಲು ತಟ್ಟಬೇಕು.

ನಾನೂ ಮೊದಲ ಸಲ ಇದೇ ತಪ್ಪು ಮಾಡಿದ್ದೆ. ಎರಡು ಲಕ್ಷ ಬಯಾನಾ ಕೊಟ್ಟ ಮೇಲೆ ಗೊತ್ತಾಯಿತು, ಮಾರುವವರಿಗೆ ಸೊಲ್ಲಾಪುರದಲ್ಲಿ ಒಬ್ಬ ಅಕ್ಕ ಇದ್ದಾರೆ, ಅವರಿಗೆ ಮನೆ ಮಾರುವ ವಿಷಯವೇ ಗೊತ್ತಿಲ್ಲ, ಗೊತ್ತಾದ ಮೇಲೆ ಸಹಿ ಹಾಕಲು ಒಪ್ಪಲೂ ಇಲ್ಲ. ದುಡ್ಡು ವಾಪಸ್ ಬಂತು. ಏಳು ತಿಂಗಳಲ್ಲಿ, ನಾಲ್ಕು ಕಂತಿನಲ್ಲಿ. ಅದಕ್ಕೇ ಈ ಲೇಖನದಲ್ಲಿ ಬಯಾನಾ ಐದನೇ ಹೆಜ್ಜೆಗೆ ಬರುತ್ತದೆ.

ಮೊದಲು ಲೆಕ್ಕ

ಮನೆಯ ಬೆಲೆ ಒಂದೇ ನೋಡಿ ಹೊರಡಬೇಡಿ. ಉದಾಹರಣೆಗೆ 40 ಲಕ್ಷದ ಮನೆ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 2 ಲಕ್ಷ. ಆ 2 ಲಕ್ಷದ ಮೇಲೆ ಶೇ 10 ಸೆಸ್, ನಗರದಲ್ಲಾದರೆ ಶೇ 2 ಸರ್‌ಚಾರ್ಜ್, ಎರಡೂ ಸೇರಿ 24 ಸಾವಿರ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 80 ಸಾವಿರ. ಒಟ್ಟು 3 ಲಕ್ಷ 4 ಸಾವಿರ. ಇದರ ಮೇಲೆ ವಕೀಲರ ಫೀ, ದಲಾಲಿ, ಬ್ಯಾಂಕಿನ ಖರ್ಚು ಬೇರೆ.

ಸಾಲ ತೆಗೆಯುವವರು ಇನ್ನೊಂದು ಮಾತು ನೆನಪಿಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಸಾಲ 30 ಲಕ್ಷದ ಒಳಗಿದ್ದರೆ ಮನೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ನಡುವೆ ಇದ್ದರೆ ಶೇ 80ರವರೆಗೆ ಮಾತ್ರ ಸಿಗುತ್ತದೆ. ಇಷ್ಟು ಬೆಲೆಯ ಮನೆಗೆ ರಿಜಿಸ್ಟ್ರಿ ಖರ್ಚನ್ನು ಬ್ಯಾಂಕು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ 40 ಲಕ್ಷದ ಮನೆಗೆ ಜಾಸ್ತಿ ಅಂದರೆ 32 ಲಕ್ಷ ಸಾಲ ಬಂದರೂ, ನಿಮ್ಮ ಕೈಯಲ್ಲಿ 11 ಲಕ್ಷದ ಮೇಲೆ ಇರಲೇಬೇಕು. ಸುಣ್ಣ ಬಣ್ಣ, ಗೃಹಪ್ರವೇಶದ ಊಟ ನಾನು ಲೆಕ್ಕ ಹಾಕಿಲ್ಲ.

'ಸರ್ಕಾರಿ ರೇಟಿಗೆ ರಿಜಿಸ್ಟ್ರಿ ಮಾಡೋಣ, ಉಳಿದದ್ದು ಕೈಗೆ ಕೊಡ್ರಿ' ಅನ್ನುವವರು ಸಿಕ್ಕೇ ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಅದು ಹಾಗಿರಲಿ, ನಿಮಗೇ ನಷ್ಟ. ಪತ್ರದಲ್ಲಿ ಬೆಲೆ ಕಡಿಮೆ ಇದ್ದರೆ ಸಾಲವೂ ಕಡಿಮೆ. ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಕಾಣಿಸಿ ತೆರಿಗೆಯೂ ಜಾಸ್ತಿ ಬೀಳುತ್ತದೆ.

ಮನೆಯನ್ನು ಎರಡು ಸಲ ನೋಡಿ, ಒಮ್ಮೆ ಮೇ ತಿಂಗಳಲ್ಲಿ

ಎರಡನೇ ಹೆಜ್ಜೆ ಇದು, ಮತ್ತು ನನ್ನ ಪ್ರಕಾರ ನಮ್ಮ ಊರಿನಲ್ಲಿ ಜನ ಇಲ್ಲೇ ಜಾಸ್ತಿ ಮೋಸ ಹೋಗುತ್ತಾರೆ. ಯಾಕೆಂದರೆ ನಮ್ಮದು ಎರೆ ಭೂಮಿ. ತೊಗರಿಗೆ ಒಳ್ಳೆಯದು, ಗೋಡೆಗೆ ಅಲ್ಲ. ಮಳೆ ಬಂದರೆ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಡಿಪಾಯ ಕೆಳಗಿನ ಗಟ್ಟಿ ಮೊರಂ (ಗರಸು) ಪದರದವರೆಗೆ ಹೋಗದೆ ಎರೆಯ ಮೇಲೆಯೇ ನಿಂತಿದ್ದರೆ, ಮನೆ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗೆ ಕೂರುತ್ತದೆ.

ಪತ್ತೆ ಹಚ್ಚುವುದು ಕಷ್ಟ ಇಲ್ಲ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು ಇದೆಯಾ ನೋಡಿ. ಗಿಲಾವಿನ ಮೇಲಿನ ಕೂದಲೆಳೆಯಂಥ ಗೆರೆಗೆ ಹೆದರಬೇಡಿ. ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯದ ಅಂಚು ಸಲೀಸಾಗಿ ಹೋಗುತ್ತದೆ ಅಂದರೆ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಬಂದು ತೋರಿಸಿ. ಎಲ್ಲ ಬಾಗಿಲನ್ನೂ ತೆಗೆದು ಹಾಕಿ, ಯಾವುದು ಚೌಕಟ್ಟಿಗೆ ಒರೆಸುತ್ತದೆ ಗಮನಿಸಿ. ನೆಲದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಿರಿ, ಅಲುಗಾಡುವ ಕಲ್ಲು ಕಾಲಿಗೆ ತಾನೇ ಹೇಳುತ್ತದೆ. ಇಡೀ ಮನೆ ಹಳೆ ಬಣ್ಣದಲ್ಲಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, ಯಾಕೆ ಅಂತ ಕೇಳಿ.

ನೀರಿನ ಪರೀಕ್ಷೆಗೆ ಮೇ ತಿಂಗಳಿಗಿಂತ ಒಳ್ಳೆಯ ಕಾಲ ಇಲ್ಲ. ಬಿಸಿಲು 42 ಡಿಗ್ರಿ ದಾಟಿದಾಗ ಬೋರ್‌ವೆಲ್ ಎಷ್ಟು ಹೊತ್ತು ನೀರು ಎತ್ತುತ್ತದೆ, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರಾ? ಮಾಲೀಕರನ್ನು ಕೇಳಬೇಡಿ. ಪಕ್ಕದ ಮನೆಯ ಅಕ್ಕನವರನ್ನು ಕೇಳಿ. ಅವರು ಸುಳ್ಳು ಹೇಳುವ ಅಗತ್ಯ ಇಲ್ಲ, ಜೊತೆಗೆ ಓಣಿಯ ಎಲ್ಲ ಸುದ್ದಿಯೂ ಸಿಗುತ್ತದೆ. ಎರಡನೇ ಭೇಟಿ ಒಂದು ಜೋರು ಮಳೆ ಬಂದ ಮರುದಿನ ಇರಲಿ. ಮೇಲ್ಛಾವಣಿ ಸೋರುತ್ತದಾ, ಓಣಿಯ ನೀರು ಅಂಗಳಕ್ಕೆ ನುಗ್ಗುತ್ತದಾ, ಎಲ್ಲ ಆಗ ಕಾಣುತ್ತದೆ. ಅಷ್ಟು ತಿಂಗಳು ಕಾಯಲು ಆಗದಿದ್ದರೆ ಮತ್ತೆ ಅದೇ ಅಕ್ಕನವರು.

ಕಾಗದ

ಮೂರನೇ ಹೆಜ್ಜೆಯಲ್ಲಿ ಮೊದಲು ಕೇಳಬೇಕಾದದ್ದು ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಕಂಪ್ಯೂಟರ್ ದಾಖಲೆ. 2024ರ ಅಕ್ಟೋಬರ್‌ನಿಂದ ಇದಿಲ್ಲದೆ ನಗರದ ಆಸ್ತಿ ರಿಜಿಸ್ಟ್ರಿಯೇ ಆಗುವುದಿಲ್ಲ. ಮಹಾನಗರ ಪಾಲಿಕೆ ಒಳಗಿನ ಮನೆಯಾದರೆ ಇ-ಆಸ್ತಿಯಲ್ಲಿ ಇರಬೇಕು. ರಿಂಗ್ ರೋಡ್ ದಾಟಿ ಆಳಂದ ರಸ್ತೆ, ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆ ಹೋದಂತೆ ಕೆಲವು ಮನೆ ಗ್ರಾಮ ಪಂಚಾಯಿತಿಗೆ ಸೇರಿರುತ್ತವೆ, ಅಲ್ಲಿ ಇ-ಸ್ವತ್ತು, ಫಾರಂ 9 ಮತ್ತು ಫಾರಂ 11. ಕೈಗೆ ಕೊಟ್ಟ ಕಾಗದದಲ್ಲಿ '11ಬಿ' ಅಂತ ಇದ್ದರೆ, ಅಥವಾ ನಗರದಲ್ಲಿ 'ಬಿ ಖಾತಾ' ಅಂತ ಇದ್ದರೆ, ಸ್ವಲ್ಪ ನಿಲ್ಲಿ. ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಆದರೆ ಬಡಾವಣೆಗೆ ಸರಿಯಾದ ಅನುಮೋದನೆ ಇಲ್ಲ ಅಂತ ಅರ್ಥ. ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ, ಎ ಖಾತಾ ರೇಟು ಕೊಡಬೇಡಿ ಅಷ್ಟೇ.

ದಲಾಲರ ಬಾಯಲ್ಲಿ 'ಎನ್‌ಎ ಆಗ್ಯಾದ್ರಿ' ಅನ್ನುವ ಮಾತು ಮಂತ್ರದ ಹಾಗೆ ಬರುತ್ತದೆ. ಎನ್‌ಎ ಅಂದರೆ ಹೊಲವನ್ನು ಬೇರೆ ಉಪಯೋಗಕ್ಕೆ ಬದಲಿಸಲು ಜಿಲ್ಲಾಧಿಕಾರಿ ಕೊಟ್ಟ ಆದೇಶ. ಅದೊಂದೇ ಸಾಲದು. ಆ ಹೊಲವನ್ನು ಪ್ಲಾಟ್ ಮಾಡಿದ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯಾ, ನಿಮ್ಮ ಪ್ಲಾಟ್ ನಂಬರ್ ಆ ನಕ್ಷೆಯಲ್ಲಿ ಇದೆಯಾ ಅಂತ ನೋಡಬೇಕು. ಪಾರ್ಕಿಗೆ ಬಿಟ್ಟ ಜಾಗದಲ್ಲೂ ಮನೆ ಕಟ್ಟಿ ಮಾರುವವರು ಇದ್ದಾರೆ. ಸರ್ವೆ ನಂಬರ್ ಗೊತ್ತಿದ್ದರೆ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಅಲ್ಲೇ ನಿಂತು ನೋಡಿ, ಜಾಗ ಸರ್ಕಾರಿ ಅಂತ ಇದ್ದರೆ ಗೊತ್ತಾಗುತ್ತದೆ. ಆ ಹೊಲದ ಪಹಣಿಯಲ್ಲಿ 9ನೇ ಕಾಲಂ ಮಾಲೀಕರ ಹೆಸರು. ಹೆಚ್ಚಿನವರು ಅದನ್ನು ನೋಡಿ ಮಡಚಿ ಇಡುತ್ತಾರೆ. ಸಾಲ, ಬೇರೆಯವರ ಹಕ್ಕು ಇರುವುದು 11ನೇ ಕಾಲಂನಲ್ಲಿ.

ಇನ್ನು ಇಸಿ, ಅಂದರೆ ಋಣಭಾರ ಪತ್ರ. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಆದರೆ ಆನ್‌ಲೈನ್‌ನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಿ ಕೈಬರಹದ ಪುಸ್ತಕದಿಂದ ತೆಗೆಸಬೇಕು. ಸುಮ್ನೆ 20 ವರ್ಷದ್ದು ತಂದುಕೊಟ್ಟು 'ಕ್ಲಿಯರ್ ಇದೆ' ಅಂದರೆ ಒಪ್ಪಬೇಡಿ, 30 ವರ್ಷದ್ದು ಕೇಳಿ.

ಬ್ರಹ್ಮಪುರ, ಸ್ಟೇಷನ್ ಬಜಾರ್‌ನಂಥ ಹಳೆ ಭಾಗದಲ್ಲಿ ಮನೆ ನೋಡುತ್ತಿದ್ದರೆ ಮೂಲಪತ್ರ ಉರ್ದುವಿನಲ್ಲಿ ಇರಬಹುದು. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ರಾಜ್ಯದಲ್ಲಿ ಇದ್ದೆವಲ್ಲ, ಕಚೇರಿಯ ಭಾಷೆ ಆಗ ಉರ್ದು. ವರ್ಷವೂ ಫಸ್ಲಿ, ಅಂದರೆ ಆಗಿನ ಕಂದಾಯದ ವರ್ಷ. ಫಸ್ಲಿ 1357 ಅಂತ ಇದ್ದರೆ 590 ಕೂಡಿಸಿ, 1947–48 ಬರುತ್ತದೆ. ಹಳೆಯ ಉರ್ದು ಕೈಬರಹ ಓದಬಲ್ಲವರು ನಮ್ಮ ಊರಿನಲ್ಲಿ ಇನ್ನೂ ಸಿಗುತ್ತಾರೆ. ಅನುವಾದ ಮಾಡಿಸಿ ವಕೀಲರ ಕೈಗೆ ಕೊಡಿ, 'ಅದೇನೋ ಹಳೇದು' ಅಂತ ಬಿಡಬೇಡಿ. ಮನೆಯ ಉದ್ದಗಲ, ನಾಲ್ಕು ದಿಕ್ಕಿನ ಹದ್ದು ಮೊದಲು ಬರೆದದ್ದು ಅದರಲ್ಲೇ. ಈಗಿನ ಖಾತೆಯಲ್ಲಿ ಇರುವ ಅಳತೆ ಅದಕ್ಕೆ ಹೊಂದದಿದ್ದರೆ ಪಕ್ಕದವರ ಜೊತೆ ಜಗಳ ಕಾದಿದೆ ಅಂತಲೇ ತಿಳಿಯಿರಿ.

ನೂರು ರೂಪಾಯಿ ಬಾಂಡ್ ಮೇಲೆ ಬರೆದು ನೋಟರಿ ಮಾಡಿಸಿದ ಖರೀದಿ, ಜಿಪಿಎ (ಮಾಲೀಕರು ಬೇರೆಯವರಿಗೆ ಕೊಟ್ಟ ಅಧಿಕಾರ ಪತ್ರ) ಮೇಲಿನ ಖರೀದಿ, ಇವೆರಡನ್ನೂ ಬಿಟ್ಟುಬಿಡಿ. ಜಿಪಿಎ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಅಕ್ಕ ತಂಗಿಯರು ಎಲ್ಲಿದ್ದಾರೆ?

ನಾಲ್ಕನೆಯದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಮಾರುವವರು ಸ್ವಂತ ದುಡಿಮೆಯಲ್ಲಿ ಕೊಂಡ ಮನೆಯಾ, ಅಪ್ಪ ಅಜ್ಜನಿಂದ ಬಂದದ್ದಾ ಅಂತ ಮೊದಲು ತಿಳಿದುಕೊಳ್ಳಿ. ಹಿರಿಯರಿಂದ ಬಂದದ್ದಾದರೆ ವಂಶವೃಕ್ಷ ಕೇಳಿ. ಅದರಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದ್ದರೆ, 'ಹೆಣ್ಣುಮಕ್ಕಳು ಇಲ್ಲೇನ್ರಿ?' ಅಂತ ನೇರವಾಗಿ ಕೇಳಿಬಿಡಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಮುಸ್ಲಿಂ ಕುಟುಂಬದಲ್ಲೂ ತಂದೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ. 'ಅವರ ಮದುವಿ ಮಾಡಿ ಕೊಟ್ಟೀವಿ, ಬಂಗಾರ ಹಾಕೀವಿ' ಅನ್ನುವುದು ಕಾನೂನಿನ ಮುಂದೆ ಉತ್ತರ ಅಲ್ಲ.

ಅವರು ಪುಣೆಯಲ್ಲಿರಲಿ, ಹೈದರಾಬಾದ್‌ನಲ್ಲಿರಲಿ, ಒಂದು ಸಲ ಫೋನಿನಲ್ಲಾದರೂ ನೀವೇ ಮಾತಾಡಿ. ಖರೀದಿ ಪತ್ರಕ್ಕೆ ಬಂದು ಸಹಿ ಹಾಕುತ್ತಾರಾ, ಇಲ್ಲ ಮೊದಲೇ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿ ಕೊಡುತ್ತಾರಾ ಅಂತ ಕೇಳಿ. ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ.

ಈಗ ಬಯಾನಾ

ಇಷ್ಟೆಲ್ಲ ಸರಿ ಇದ್ದರೆ ಧೈರ್ಯವಾಗಿ ಕೊಡಿ, ಆದರೆ ನಗದಲ್ಲಿ ಬೇಡ. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ ಕೊಡಿ, ಇಲ್ಲ ಬ್ಯಾಂಕಿನಿಂದ ಕಳಿಸಿ. ಮನೆ ಬೆಲೆ 50 ಲಕ್ಷ ಅಥವಾ ಅದರ ಮೇಲೆ ಇದ್ದರೆ ನೀವು ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು.

ಕರಾರು ಪತ್ರದಲ್ಲಿ ಬೆಲೆ, ಕೊಟ್ಟ ಹಣ, ಕೊನೆಯ ದಿನಾಂಕ ಎಲ್ಲರೂ ಬರೆಸುತ್ತಾರೆ. ಬಿಟ್ಟುಹೋಗುವುದು ಬೇರೆ ವಿಷಯಗಳು. ಬ್ಯಾಂಕ್ ಸಾಲ ಸಿಗದಿದ್ದರೆ ಬಯಾನಾ ಎಷ್ಟು ದಿನದಲ್ಲಿ ವಾಪಸ್? ಮನೆಯ ಮೇಲೆ ಹಳೆ ಸಾಲ ಇದ್ದರೆ ಯಾರು, ಯಾವಾಗ ತೀರಿಸಬೇಕು? ಬಾಡಿಗೆಯವರು ಇದ್ದರೆ ಯಾವ ತಾರೀಕಿಗೆ ಖಾಲಿ? ಬೋರ್‌ವೆಲ್ ಮೋಟರ್, ಸೋಲಾರ್, ಇನ್ವರ್ಟರ್ ಮನೆ ಜೊತೆ ಬರುತ್ತವಾ? ಇದು ಚಿಲ್ಲರೆ ವಿಷಯ ಅನ್ನಿಸುತ್ತದೆ. ನನ್ನ ಗೆಳೆಯನೊಬ್ಬ ಹೊಸ ಮನೆಗೆ ಹೋದ ದಿನ ನಳ ತಿರುಗಿಸಿದರೆ ನೀರಿಲ್ಲ, ಹೋಗಿ ನೋಡಿದರೆ ಬೋರ್‌ವೆಲ್‌ನಿಂದ ಮೋಟರೇ ಎತ್ತಿಕೊಂಡು ಹೋಗಿದ್ದರು.

ರಿಜಿಸ್ಟ್ರಿ ಮತ್ತು ಆಮೇಲೆ

ರಿಜಿಸ್ಟ್ರಿ ದಿನದ ಕೆಲಸ ಈಗ ಬಹಳ ಹಗುರ. ಕರಡು ಪತ್ರ ಮೊದಲೇ ಕಾವೇರಿಯಲ್ಲಿ ಹಾಕಿ, ಶುಲ್ಕ ಆನ್‌ಲೈನ್ ಕಟ್ಟಿ, ಸಮಯ ತೆಗೆದುಕೊಂಡು ಹೋದರೆ ಆಯಿತು. ಕರಡನ್ನು ಮಾತ್ರ ಹಿಂದಿನ ರಾತ್ರಿ ಅಕ್ಷರ ಅಕ್ಷರ ಓದಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ, ಪೂರ್ವ ಪಶ್ಚಿಮ ಅದಲುಬದಲು ಆಗಿದೆಯಾ ನೋಡಿ. ಆಮೇಲೆ ತಿದ್ದುಪಡಿ ಪತ್ರ ಮಾಡಿಸಲು ಮಾರಿದವರನ್ನೇ ಮತ್ತೆ ಕರೆತರಬೇಕು.

ಮಾರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಇ-ಖಾತಾ, ಇಸಿ, ವಂಶವೃಕ್ಷ, ತೆರಿಗೆ ರಸೀದಿ ಒಂದು ಫೈಲಿನಲ್ಲಿ ಹಾಕಿಟ್ಟುಕೊಂಡು ಮನೆ ತೋರಿಸಿ. ಕಾಗದ ಪಕ್ಕಾ ಇದ್ದರೆ ರೇಟಿನಲ್ಲಿ ಜಗ್ಗಾಟ ಕಡಿಮೆ. ಎರಡು ವರ್ಷ ದಾಟಿದ ಮನೆ ಮಾರಿದ ಲಾಭಕ್ಕೆ ಶೇ 12.5 ತೆರಿಗೆ ಇದೆ, ಆ ದುಡ್ಡಲ್ಲಿ ಇನ್ನೊಂದು ಮನೆ ಕೊಂಡರೆ ವಿನಾಯಿತಿಯೂ ಇದೆ. ಬಯಾನಾ ತೆಗೆದುಕೊಳ್ಳುವ ಮೊದಲೇ ಲೆಕ್ಕಪರಿಶೋಧಕರನ್ನು ಕಂಡು ಬನ್ನಿ.

ಕೊಂಡವರು ಕೀಲಿ ಕೈಗೆ ಬಂದ ವಾರದಲ್ಲೇ ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ನಳದ ಜೋಡಣೆ, ಜೆಸ್ಕಾಂ ಕರೆಂಟ್ ಮೀಟರ್ ಎರಡನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಹಳೆ ಬಾಕಿ ಇಲ್ಲ ಅಂತ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹಾಕಿ ನೋಡಿಕೊಂಡ ಮೇಲೆ. ನಮ್ಮ ಮನೆಯ ಕರೆಂಟ್ ಬಿಲ್ ಎರಡು ವರ್ಷ ಹಳೆ ಮಾಲೀಕರ ತೀರಿಕೊಂಡ ಅಜ್ಜನ ಹೆಸರಲ್ಲೇ ಬರುತ್ತಿತ್ತು. ಸೋಮಾರಿತನ ನನ್ನದೇ. ಬಿಲ್ ಕೊಡುವ ಹುಡುಗ ಪ್ರತಿ ತಿಂಗಳು ಗೇಟಿನ ಹತ್ತಿರ ನಿಂತು ಆ ಅಜ್ಜನ ಹೆಸರು ಕೂಗುತ್ತಿದ್ದ, ನಾನು ಹೋಗಿ 'ಹ್ಞಾ, ಬಂದೆ' ಅನ್ನುತ್ತಿದ್ದೆ.